ಬಳೆಗಾಲ

ಹೋದ ವರ್ಷ ಜೂನ್‌ನಲ್ಲಿ ಆರನೇ ಕ್ಲಾಸಿಗೆ ಉಕ್ತಲೇಖನ ಕೊಟ್ಟಿದ್ದೆ, ಹತ್ತೇ ಹತ್ತು ಪದ. ಒಬ್ಬ ಹುಡುಗ ಮಳೆಗಾಲ ಅಂದ್ರೆ ಬಳೆಗಾಲ ಅಂತ ಬರ್ದಿದ್ದ, ಮರ ಅಂದ್ರೆ ಬರ, ಪಾಲು ಅಂದ್ರೆ ಬಾಲು. ನಾನು ಪುಸ್ತಕ ಎತ್ಕೊಂಡು ಎಲ್ಲರಿಗೂ ಕೇಳೋ ಹಾಗೆ ಓದ್ಬಿಟ್ಟೆ, ಕ್ಲಾಸು ಗೊಳ್ ಅಂತು, ನಾನೂ ನಕ್ಕೆ. ಅವನೂ ನಕ್ಕ, ಎಲ್ರೂ ಯಾಕೆ ನಗ್ತಿದಾರೆ ಅಂತ ಗೊತ್ತಿಲ್ದೇನೇ.

ಹೆಸರು ಬೇಡ, ಇಲ್ಲಿ ಗುಂಡ ಅಂತ ಕರೀತೀನಿ. ಬೇರೆ ಊರಿನ ಶಾಲೆಯಿಂದ ಆಗಷ್ಟೇ ಬಂದಿದ್ದ. ಸಂಜೆ ಅವರಮ್ಮನ್ನ ಕರೆಸಿ, ಏನಮ್ಮಾ ನಿಮ್ಮ ಹುಡುಗನಿಗೆ ಗಮನಾನೇ ಇಲ್ವಲ್ಲ ಅಂದ್ರೆ, ಆ ತಾಯಿ ಮಗನ ಬ್ಯಾಗಿಗೆ ಕೈ ಹಾಕಿ ಜಾಮಿಟ್ರಿ ಬಾಕ್ಸ್ ತೆಗೆದ್ರು. ಅದರೊಳಗೆ ಕೈವಾರದ ಪಕ್ಕ ಕಿವಿ ಮಿಷನ್ನು. "ಹಾಕ್ಕೊಂಡ್ರೆ ಕಿವ್ಡ ಅಂತಾರಂತೆ ಮಿಸ್, ಅದಕ್ಕೆ ಶಾಲೆ ಗೇಟಲ್ಲೇ ಬಿಚ್ಚಿಡ್ತಾನೆ" ಅಂದ್ರು. ಹದಿನಾರು ವರ್ಷದ ಸರ್ವಿಸ್ ನಂದು, ಒಂದು ತಿಂಗಳಲ್ಲಿ ಇದು ಗೊತ್ತಾಗ್ಲಿಲ್ಲ ನೋಡಿ.

ಆಮೇಲೆ ನಮ್ಮ ಬ್ಲಾಕಿನ ಬಿಐಇಆರ್‌ಟಿ ಮೇಡಂ ಬಂದ್ರು (ವಿಶೇಷ ಅಗತ್ಯ ಇರೋ ಮಕ್ಕಳಿಗೆ ಅಂತ ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ ಶಾಲೆ ಶಾಲೆ ಸುತ್ತೋ ಸಂಪನ್ಮೂಲ ಶಿಕ್ಷಕರು, ತಿಂಗಳಿಗೊಮ್ಮೆ ಮುಖ ಕಂಡ್ರೆ ನಮ್ಮ ಪುಣ್ಯ, ಅವರದ್ದೇನೂ ತಪ್ಪಿಲ್ಲ ಬಿಡಿ). ಅವರು ನನ್ನನ್ನ ಸ್ಟಾಫ್ ರೂಮಿನ ಕನ್ನಡಿ ಮುಂದೆ ನಿಲ್ಲಿಸಿ, ದನಿ ತೆಗೀಬೇಡಿ, ಬರೀ ತುಟಿ ಆಡಿಸಿ, ಪರ ಬರ ಮರ ಅನ್ನಿ ಅಂದ್ರು. ನೀವೂ ಒಂದ್ಸಲ ಮಾಡಿ ನೋಡಿ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತೆ, ಒಂಚೂರೂ ವ್ಯತ್ಯಾಸ ಇಲ್ಲ. ಅಂದ್ರೆ ಆ ಹುಡುಗ ಕಿವಿ ಬಿಟ್ಟು ಕಣ್ಣಲ್ಲಿ ಉಕ್ತಲೇಖನ ಬರ್ದಿದ್ದ, ಕಣ್ಣಿಗೆ ಕಂಡಿದ್ದನ್ನ ಸರಿಯಾಗೇ ಬರ್ದಿದ್ದ.

ಇನ್ನೊಂದು ವಿಷಯ ಆವತ್ತು ತಲೆಗೆ ಹೋಯ್ತು. ಕಿವಿ ಮಿಷನ್ ಅಂದ್ರೆ ಕನ್ನಡಕ ಇದ್ದ ಹಾಗೆ, ಹಾಕ್ಕೊಂಡ್ರೆ ಎಲ್ಲಾ ಸರಿ ಅಂದ್ಕೊಂಡಿದ್ದೆ. ಹಂಗಲ್ಲ ಅದು. ನನ್ನ ಮಾತಿನ ಜೊತೆ ಫ್ಯಾನು, ಬೆಂಚು ಎಳೆಯೋ ಸದ್ದು, ಪಕ್ಕದ ಕ್ಲಾಸಿನ ಮಗ್ಗಿ ಎಲ್ಲಾನೂ ದೊಡ್ಡದು ಮಾಡುತ್ತೆ, ಮಾತಾಡೋರು ನಾಲ್ಕು ಹೆಜ್ಜೆ ದೂರ ಹೋದ್ರೆ ಸದ್ದಿನೊಳಗೆ ಮಾತು ಕಳೆದುಹೋಗುತ್ತೆ. ನಮ್ಮದೋ ಶೀಟ್ ಹಾಕಿರೋ ರೂಮು, ಮಳೆ ಬಂದ್ರೆ ನನಗೇ ನನ್ನ ಮಾತು ಕೇಳ್ಸಲ್ಲ. ಅದಕ್ಕೆ ಮಕ್ಕಳೇ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಬೆಂಚಿನ ಕಾಲಿಗೆಲ್ಲ ಸುತ್ತಿದ್ರು, ಪಂಕ್ಚರ್ ಅಂಗಡಿಯವರು ದುಡ್ಡೇ ತಗೊಳ್ಲಿಲ್ಲ. ಅರ್ಧ ಗಲಾಟೆ ಅಲ್ಲೇ ಹೋಯ್ತು.

ನನಗೆ ಕಷ್ಟ ಆಗಿದ್ದು ನನ್ನ ಅಭ್ಯಾಸ ಬಿಡೋದು. ಬೋರ್ಡ್ ಮೇಲೆ ಬರೀತಾ ಬರೀತಾ ಮಾತಾಡೋದು ಟೀಚರ್‌ಗಳಿಗೆ ರಕ್ತದಲ್ಲೇ ಬಂದಿರುತ್ತೆ. ಬೆನ್ನು ತಿರುಗಿಸಿದ್ರೆ ಗುಂಡನ ಪಾಲಿಗೆ ಪಾಠ ಅಲ್ಲಿಗೆ ನಿಂತ ಹಾಗೆ. ಕಿಟಕಿಗೆ ಬೆನ್ನು ಕೊಟ್ಟು ನಿಂತ್ರೂ ಅಷ್ಟೇ, ನನ್ನ ಮುಖ ಕಪ್ಪಾಗಿ ತುಟಿ ಕಾಣಲ್ಲ. ಈಗ ಬರೆಯೋದು ಮುಗಿಸಿ, ತಿರುಗಿ, ಆಮೇಲೆ ಬಾಯಿ ಬಿಡ್ತೀನಿ, ಮರೆತ್ರೆ ಅವನ ಪಕ್ಕದ ಹುಡುಗಿ ಬೆಂಚು ಕುಟ್ತಾಳೆ. ಅವನನ್ನ ಮುಂದಿನ ಬೆಂಚಲ್ಲಿ ಕೂರ್ಸಿದ್ದೂ ತಪ್ಪಾಗಿತ್ತು, ಹಿಂದೆ ಯಾರು ಉತ್ತರ ಹೇಳ್ತಿದಾರೆ ಅಂತ ಅವನಿಗೆ ಕಾಣಬೇಕಲ್ಲ. ಈಗ ಎರಡನೇ ಬೆಂಚಿನ ತುದಿ, ಗೋಡೆ ಕಡೆ, ಸ್ವಲ್ಪ ಓರೆಯಾಗಿ. ನಮ್ಮ ಗಣಿತದ ಸರ್ ಮೀಸೆ ತುಟಿ ಮುಚ್ತಿತ್ತು, ಅವರು ಪಾಪ ಹೇಳಿದ ಮಾರನೇ ದಿನಾನೇ ಟ್ರಿಮ್ ಮಾಡ್ಕೊಂಡು ಬಂದ್ರು, ಮನೇಲಿ ಏನಂದ್ರೋ ಏನೋ!

ಉಕ್ತಲೇಖನಾನ ಈಗ ಎಲ್ಲರಿಗೂ ವಾಕ್ಯದಲ್ಲೇ ಕೊಡ್ತೀನಿ. "ಮಳೆಗಾಲದಲ್ಲಿ ಕೆರೆ ತುಂಬಿತು" ಅಂದ್ರೆ ಯಾವನೂ ಬಳೆ ಬರಿಯಲ್ಲ. ಒಬ್ಬನಿಗೋಸ್ಕರ ಮೂವತ್ತೆರಡು ಜನಕ್ಕೆ ಬದಲಾಯಿಸ್ಬೇಕಾ ಅಂತ ಸ್ಟಾಫ್ ರೂಮಲ್ಲಿ ಒಂದು ಮಾತು ಬಂತು. ಬೇರೆ ಮಕ್ಕಳ ತಪ್ಪೂ ಕಮ್ಮಿ ಆಗಿದೆ, ಪುಸ್ತಕ ತೋರ್ಸಿದ ಮೇಲೆ ಸುಮ್ನಾದ್ರು.

ಪರೀಕ್ಷೆ ವಿಚಾರಕ್ಕೂ ಇದೇ ವಾದ, "ರಿಯಾಯಿತಿ ಕೊಟ್ರೆ ಬೇರೆಯವರಿಗೆ ಅನ್ಯಾಯ" ಅಂತ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, 17ನೇ ಸೆಕ್ಷನ್ನಲ್ಲಿ ಹೆಚ್ಚುವರಿ ಸಮಯ, ಬರೆದುಕೊಡೋ ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲಾ ಬರೆದಿದೆ ಸ್ವಾಮಿ, ನಾವು ದಾನ ಕೊಡ್ತಿಲ್ಲ. ಹಾಗಂತ ಆ ಕಾಯ್ದೆಗೆ ಎಲ್ಲಾ ಮಕ್ಕಳೂ ಕಾಣ್ತಾರಾ ಅಂದ್ರೆ ಅದೂ ಇಲ್ಲ. 1995ರ ಕಾಯ್ದೆಯಲ್ಲಿ 7 ಇದ್ದ ವೈಕಲ್ಯಗಳ ಪಟ್ಟಿ ಈಗ 21 ಆಗಿದೆ ನಿಜ, ಆದ್ರೆ ಕಿವಿ ವಿಷಯದಲ್ಲಿ ಎರಡೂ ಕಿವಿಯಲ್ಲಿ 60 ಡೆಸಿಬೆಲ್ ನಷ್ಟ ಇದ್ರೇನೇ ಲೆಕ್ಕ. ಏಳನೇ ಕ್ಲಾಸಲ್ಲಿ ಒಬ್ಬಳಿಗೆ ಎಡಗಿವಿ ಪೂರ್ತಿ ಇಲ್ಲ, ಬಲಗಿವಿ ಚೆನ್ನಾಗಿದೆ, ಅವಳಿಗೆ ಸರ್ಟಿಫಿಕೇಟ್ ಸಿಗಲ್ಲ. ಅವಳಿಗೆ ಬೇಕಾಗಿದ್ದು ಬಲಗಿವಿ ನನ್ನ ಕಡೆ ಬರೋ ಹಾಗೆ ಒಂದು ಜಾಗ ಅಷ್ಟೇ, ಅದಕ್ಕೆ ಯಾವ ಕಾರ್ಡೂ ಬೇಡ ಅಂತ ಕೂರ್ಸಿದೀನಿ.

ಇಷ್ಟೆಲ್ಲಾ ಇದ್ರೂ ಮೇಲಿನವರು ಬಂದ್ರೆ ಕೇಳೋದು "ರ‍್ಯಾಂಪ್ ಇದೆಯಾ?" ಅಂತ. ಇದೆ ಸರ್. ಒಂದಡಿ ಏರೋಕೆ ಹನ್ನೆರಡು ಅಡಿ ಇಳಿಜಾರು ಬೇಕು, ನಮ್ಮದು ಜಾರುಬಂಡೆ ಥರ ಇದೆ, ಮೇಲೆ ಹತ್ತಿದ್ರೆ ಬಾಗಿಲಲ್ಲಿ ಮತ್ತೊಂದು ಮೆಟ್ಟಿಲು. ಟಿಕ್ ಹಾಕ್ಕೊಂಡು ಟೀ ಕುಡ್ಕೊಂಡು ಹೋಗ್ತಾರೆ.

ಈಗ ಗುಂಡ ಏಳನೇ ಕ್ಲಾಸು. ಮಿಷನ್ ಜಾಮಿಟ್ರಿ ಬಾಕ್ಸ್ ಬಿಟ್ಟು ಕಿವಿಗೆ ಬಂದಿದೆ, ಬಾಕ್ಸಲ್ಲಿ ಈಗ ಸ್ಪೇರ್ ಸೆಲ್ಲು ಇರುತ್ತೆ. ಅದರ ಸ್ಟಿಕ್ಕರ್ ಕಿತ್ರೆ ಗಾಳಿ ತಾಗಿ ಚಾಲೂ ಆಗೋ ಸೆಲ್ಲು ಅದು, ಮೊದಮೊದಲು ಹುಡುಗರು ಕುತೂಹಲಕ್ಕೆ ಎಲ್ಲದರ ಸ್ಟಿಕ್ಕರೂ ಕಿತ್ತು ಒಂದು ಪ್ಯಾಕೆಟ್ ಹಾಳು ಮಾಡಿದ್ರು.

ಹೋದ ವಾರ ಪಾಠದ ಮಧ್ಯೆ ಕುಯ್ಞ್ ಅಂತ ಸೀಟಿ ಸದ್ದು. ಹಿಂದಿನ ಬೆಂಚಿನವರನ್ನ ಬೈದೆ, ನಿಲ್ಲಿಸ್ದೆ, ಮತ್ತೆ ಕುಯ್ಞ್. ಆ ಹುಡುಗಿ ಬೆಂಚು ಕುಟ್ಟಿ ಗುಂಡನ ಕಿವಿ ತೋರ್ಸಿದ್ಲು. ವರ್ಷದಲ್ಲಿ ಹುಡುಗ ಬೆಳೆದಿದಾನೆ, ಕಿವೀನೂ ಬೆಳೆದಿದೆ, ಮಿಷನ್ನಿನ ಕಿವಿಯೊಳಗೆ ಕೂರೋ ಅಚ್ಚು ಸಡಿಲ ಆಗಿ ಸದ್ದು ಆಚೆ ಬರ್ತಿದೆ. ಮೈಸೂರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಹೊಸ ಅಚ್ಚು ಮಾಡಿಸ್ಬೇಕು, ಬಸ್ಸಲ್ಲಿ ಒಂದೂವರೆ ಗಂಟೆ, ಅವರಮ್ಮನಿಗೆ ಒಂದಿನದ ಕೂಲಿ ಹೋಗುತ್ತೆ. ಸೋಮವಾರ ಹೋಗ್ತಾರಂತೆ. ಬೈಸ್ಕೊಂಡ ಹಿಂದಿನ ಬೆಂಚಿನವರು ಇನ್ನೂ ನನ್ನ ಹತ್ರ ಮಾತಾಡ್ತಿಲ್ಲ.