ಹಳೇ ಡ್ರಾಮಾಕ್ಕ ಹುಬ್ಬಳ್ಳಿ ಸಬ್‌ಟೈಟಲ್: ಕೆಲಸ ಎಲ್ಲಿ ತನಕ ಬಂತು

ಜೂನ್ 8

ಶುರು ಮಾಡಿ ಮೂರು ತಿಂಗಳಾತು, ಬರದಿಟ್ಟಿದ್ದು ಮಾತ್ರ ಏನೂ ಇಲ್ಲ, ಅದಕ್ಕ ಇವತ್ತಿಂದರೆ ಬರದಿಡೂಣು ಅಂತ ಕುಂತೇನಿ. ಹೊಸಬರಿಗೆ ಹೇಳ್ಬೇಕಂದ್ರ, ಹಳೇ ಇಂಗ್ಲಿಷ್ ಟಿವಿ ಡ್ರಾಮಾದಾಗ ಹುಡುಗರು ತಾವು ಗೇ ಅಂತ ಮನ್ಯಾಗ ಹೇಳೂ ಸೀನ್ ಬರ್ತಾವಲ್ರಿ, 1972ರಿಂದ ಹಿಡದು 2000ದ ತನಕದ್ದು, ಅಂಥಾವನ್ನ ಆರಿಸಿ ಕನ್ನಡ ಸಬ್‌ಟೈಟಲ್ ಹಾಕಾಕತ್ತೇನಿ, ಅದೂ ಪುಸ್ತಕದ ಕನ್ನಡ ಅಲ್ಲ, ನಮ್ಮ ಹುಬ್ಬಳ್ಳಿ ಕನ್ನಡ. ರೊಕ್ಕ ಬರೂ ಕೆಲಸಲ್ಲ. ಹಗಲೆಲ್ಲಾ ದುರ್ಗದಬೈಲ್ ಹಂತ್ಯಾಕ ಡಿಟಿಪಿ ಅಂಗಡ್ಯಾಗ ಕುಂತು ಲಗ್ನಪತ್ರಿಕಿ ಟೈಪ್ ಮಾಡೂದು, ಚಿ. ಮತ್ತ ಚಿ.ಕುಂ.ಸೌ. ಹೆಸರು ಬರೋಬ್ಬರಿ ಕುಂತಾವೋ ಇಲ್ಲೋ ನೋಡೂದು, ರಾತ್ರಿ ಹತ್ತರ ಮ್ಯಾಲ ಮನ್ಯಾಗ ಇದನ್ನ ತಗಿಯೂದು. ಹಗಲಿಗೂ ರಾತ್ರಿಗೂ ಎಷ್ಟು ಫರಕ್ ನೋಡ್ರಿ.

ಮೊದಲ ಮುಗಿಸಿದ್ದು 'ದ್ಯಾಟ್ ಸರ್ಟನ್ ಸಮ್ಮರ್'. 1972ರ ನವೆಂಬರ್ ತಿಂಗಳದಾಗ ಅಮೇರಿಕಾದ ಎಬಿಸಿ ಚಾನಲ್‌ನ್ಯಾಗ ಬಂದ ಟಿವಿ ಸಿನಿಮಾ, ಬರದವರು ರಿಚರ್ಡ್ ಲೆವಿನ್ಸನ್ ಮತ್ತ ವಿಲಿಯಂ ಲಿಂಕ್, ಕೊಲಂಬೋ ಪತ್ತೇದಾರನ್ನ ಹುಟ್ಟಿಸಿದವರೂ ಇವರ. ಇದ್ರಾಗ ಉಲ್ಟಾ ಐತಿ, ಮಗ ಅಪ್ಪಗ ಹೇಳೂದಲ್ಲ, ಡೈವೋರ್ಸ್ ಆದ ಅಪ್ಪ ಹದಿನಾಕು ವರ್ಷದ ಮಗಗ ಹೇಳೂದು. ಅಪ್ಪ ಹಾಲ್ ಹೋಲ್‌ಬ್ರೂಕ್, ಅವನ ಜೋಡಿ ಇರಾಂವ ಮಾರ್ಟಿನ್ ಶೀನ್. ಅಪ್ಪ ಹೇಳೂ ಆ ಮಾತಿನ್ಯಾಗ ಒಂದು ಸಾಲು ಬರ್ತೈತಿ, ಆರಿಸ್ಕೋ ಅಂದಿದ್ರ ಇದನ್ನ ನಾ ಆರಿಸ್ಕೋತಿದ್ದಿಲ್ಲ ಅನ್ನೂ ಅರ್ಥದ್ದು. ಮಂದಿ ಇದನ್ನ ರೋಗ ಅಂತಾರ, ಇದ್ದರೂ ಇರಬಹುದು ಅಂತನೂ ಅಂತಾನ. ಚಾನಲ್‌ನವರಿಗೆ ಹೆದರಿ ಹಾಕಿದ್ದು ಅಂತ ಆವಾಗಿಂದನ ಭಾಳ ಮಂದಿ ಬೈಕೊಂಡು ಬಂದಾರ. ಆ ಸಾಲಿನ ಮುಂದ ನಾ ಎರಡು ದಿನಾ ಕುಂತೆ. ಸಿಟ್ಟು ಬಂತು ಖರೆ, ಆದ್ರ ಸಿಟ್ಟಿಲೆ ಸಬ್‌ಟೈಟಲ್ ತಿದ್ದಿದ್ರ ಅದು ನನ್ನ ಸಿನಿಮಾ ಆಗ್ತೈತಿ, ಅವರದಲ್ಲ. ಇದ್ದಂಗ ಹಾಕೀನಿ: "ನನ್ನ ಕೈಯಾಗಿತ್ತಂದ್ರ ಇದನ್ನ ನಾ ಬೇಡ್ಕೊಂಡು ತಗೋತಿದ್ದಿಲ್ಲಪಾ."

ಜೂನ್ 15

ಈ ವಾರ ಒಂದ ಶಬ್ದದ ಜಗಳ. ತಾ ಗೇ ಅಂತ ಹೇಳೂದಕ್ಕ ಕಮಿಂಗ್ ಔಟ್ ಅಂತಾರಲ್ಲ, ಅದಕ್ಕ ನಮ್ಮಲ್ಲೆ ಏನನ್ನೂದು? ಇಂಗ್ಲಿಷಿನವರಿಗೆ ಕಪಾಟಿನ್ಯಾಗಿಂದ ಹೊರಗ ಬರೂದು, ನಮ್ಮ ಮನಿ ಕಪಾಟಿನ್ಯಾಗ ಬಂಗಾರ, ಮನಿ ಕಾಗದ, ಅವ್ವನ ಇಳಕಲ್ ಸೀರಿ ಇಷ್ಟ ಇರ್ತಾವ, ಮನಷಾ ಎಲ್ಲಿಂದ ಬರ್ತಾನ. 'ಬಹಿರಂಗಪಡಿಸು' ಅಂದ್ರ ಪೇಪರ್‌ನವರು ಭ್ರಷ್ಟಾಚಾರದ ಸುದ್ದಿ ಬರದಂಗ ಆಗ್ತೈತಿ. 'ಸಲಿಂಗಕಾಮಿ' ಶಬ್ದನೂ ಹಂಗ, ಅದ್ರಾಗ ಕಾಮ ಮೊದಲ ಕುಂತಬಿಡ್ತೈತಿ, ಹದಿನಾರು ವರ್ಷದ ಹುಡುಗ ಅಪ್ಪನ ಮುಂದ ಅಳಕೋತ ಆ ಶಬ್ದ ಅಂದ್ರ ನಗೂ ಬರ್ತೈತಿ ಅಳೂನೂ ಬರ್ತೈತಿ. 'ಸಲಿಂಗಿ' ಸ್ವಲ್ಪ ವಾಸಿ, ಆದ್ರ ಓದಿದ ಮಂದಿಗೆ ಅಷ್ಟ.

ಸಂಜಿಮುಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕ ಹೋದೆ, ಸಪ್ತಾಪುರದಾಗ ದೋಸ್ತ ಇರ್ತಾನ, ಕಾಲೇಜಿನ್ಯಾಗ ಪಾಠ ಮಾಡ್ತಾನ, ನನ್ನ ಎಲ್ಲಾ ಫೈಲ್ ಚೆಕ್ ಮಾಡಾಂವ ಅವನ. ಗಿರಮಿಟ್ ತಿನ್ಕೋತ ಕೇಳಿದೆ, ನಾವು ನಾವ ಮಾತಾಡ್ವಾಗ ಇದಕ್ಕ ಏನಂತೀವಿ ಅಂತ. ಆಂವ ಮಿರ್ಚಿ ಕಡಕೋತ ಅಂದ, "ಏನೂ ಅನ್ನಂಗಿಲ್ಲಲೇ. 'ಮನ್ಯಾಗ ಗೊತ್ತೈತೇನು' ಅಂತ ಕೇಳ್ತೀವಿ, ಮುಗೀತು."

ಖರೆ ನೋಡ್ರಿ. ಹೇಳಿದೀ ಏನು ಅಂತ ಯಾರೂ ಕೇಳಂಗಿಲ್ಲ. ಗೊತ್ತೈತೇನು ಅಂತ ಕೇಳ್ತಾರ. ಹೇಳಾಂವನ ಸುದ್ದೀನ ಇಲ್ಲ ಅದ್ರಾಗ, ಮನೀದ ಸುದ್ದಿ ಎಲ್ಲಾ. ಆವತ್ತಿಂದ ನಾ ಹಳೇ ಡ್ರಾಮಾ ನೋಡೂ ಕಣ್ಣ ಬದಲಾತು, ಯಾಕಂದ್ರ ಅವೂ ಹಂಗ ಅದಾವ. 1972ರದ್ದು ಅಪ್ಪನ ಕಥಿಗಿಂತ ಮಗಾ ಹೆಂಗ ತಡಕೋತಾನ ಅನ್ನೂ ಕಥಿ. 'ಡೈನಾಸ್ಟಿ' ಅನ್ನೂ ಅಮೇರಿಕಾದ ಸೀರಿಯಲ್ 1981ರಾಗ ಶುರು ಆತು, ಸ್ಟೀವನ್ ಕ್ಯಾರಿಂಗ್ಟನ್ ಗೇ ಅಂತ ಮೊದಲಿಂದನ ಗೊತ್ತು, ಅವನ ಗೆಣಿಕಾರ ಟೆಡ್‌ನ್ನ ಅಪ್ಪ ಬ್ಲೇಕ್ ದಬ್ಬತಾನ, ಟೆಡ್ ಬಿದ್ದು ಸಾಯ್ತಾನ, ಆಮ್ಯಾಲ ಕೋರ್ಟು ಕಟ್ಟಿ ಎಲ್ಲಾ ಅಪ್ಪಂದು! ಸತ್ತಾಂವ ಟೆಡ್, ಅತ್ತಾಂವ ಸ್ಟೀವನ್, ಸೀಸನ್ ಮುಗಿಯೂದ್ರಾಗ ನಾವು ಚಿಂತಿ ಮಾಡೂದು ಬ್ಲೇಕ್‌ಗ ಜೇಲ್ ಆಗ್ತೈತೋ ಇಲ್ಲೋ ಅಂತ. ಮುಂದಿನ ಸೀಸನ್‌ದಾಗ ಸ್ಟೀವನ್‌ಗ ಲಗ್ನ ಮಾಡಿಬಿಡ್ತಾರ, ಹುಡುಗಿ ಜೋಡಿ. ಲಗ್ನಪತ್ರಿಕಿ ಹೊಡಿಯಾಂವಗ ಇದೇನು ಹೊಸಾದು ಅನಸಲಿಲ್ಲ.

ಸ್ಟೀವನ್ ಪಾರ್ಟ್ ಮಾಡಾಂವನೂ ನಡುವ ಬದಲಾದ, ಅಲ್ ಕಾರ್ಲಿ ಹೋಗಿ ಜ್ಯಾಕ್ ಕೋಲ್ಮನ್ ಬಂದ, ಎಣ್ಣಿ ಬಾವ್ಯಾಗ ಸ್ಫೋಟ ಆಗಿ ಪ್ಲಾಸ್ಟಿಕ್ ಸರ್ಜರಿ ಆತು ಅಂತ ಕಥಿ ಕಟ್ಟಿದ್ರು. ನಮ್ಮ ಸೀರಿಯಲ್‌ನವರಿಗೆ ಸುಮ್ನ ಬೈತೀವಿ.

ಜೂನ್ 29

ಮಳಿ. ಕರೆಂಟ್ ಇಲ್ಲ. ಏನೂ ಆಗಿಲ್ಲ.

ಜುಲೈ 6

ಸಾಫ್ಟ್‌ವೇರ್ ಗೋಳು ಸ್ವಲ್ಪ ಬರಕೋತೀನಿ, ಯಾರರೆ ಇಂಥಾ ಕೆಲಸ ಮಾಡಿದ್ರ ಉಪಯೋಗ ಆದೀತು. ಸಬ್‌ಟೈಟಲ್ ಎಡಿಟ್ ಅನ್ನೂ ಫ್ರೀ ಸಾಫ್ಟ್‌ವೇರ್ ವಾಪರಸ್ತೀನಿ, ಅದು ಸೆಕೆಂಡಿಗೆ ಎಷ್ಟು ಅಕ್ಷರ ಅಂತ ಎಣಸಿ, ಜಾಸ್ತಿ ಆದ್ರ ಸಾಲು ಕೆಂಪ ಮಾಡ್ತೈತಿ. ಕನ್ನಡಾ ಹಾಕಿದ್ರ ಎಲ್ಲಾನೂ ಕೆಂಪ. ಯಾಕಂದ್ರ ಅದು ಕಂಪ್ಯೂಟರ್ ಒಳಗಿನ ಯೂನಿಕೋಡ್ ತುಣುಕು ಎಣಸ್ತೈತಿ, 'ಸ್ತ್ರೀ' ನಮ್ಮ ಕಣ್ಣಿಗೆ ಒಂದ ಅಕ್ಷರ, ಅದರ ಲೆಕ್ಕದಾಗ ಆರು. ಅವರ ಲೆಕ್ಕ ನಂಬಿದ್ರ ಪಾಪ ಹುಡುಗ ಅರ್ಧ ಮಾತು ಆಡಿ ಬಾಯಿ ಮುಚ್ಚಬೇಕು. ಮಿತಿ ಏರಿಸಿ, ಗಡಿಯಾರ ಹಿಡಕೊಂಡು ನಾನ ಬಾಯಿಲೆ ಓದಿ ನೋಡಿ ಇಡಾಕತ್ತೇನಿ.

ಎರಡನೇ ಗೋಳು, 'ಡಾಸನ್ಸ್ ಕ್ರೀಕ್' ಅನ್ನೂ ಅಮೇರಿಕಾದ ಸೀರಿಯಲ್ಲಿಂದು. ಡಿವಿಡಿ ಸೆಟ್ ಸಿಕ್ಕಿದ್ದು ಲಂಡನ್ ಕಡೇದ್ದು, ಸೆಕೆಂಡಿಗೆ 25 ಫ್ರೇಮಿನ್ದು (ಫ್ರೇಮ್ ಅಂದ್ರ ಒಂದೊಂದು ಚಿತ್ರ), ಟೈಮಿಂಗ್‌ಗಂತ ತಗೊಂಡ ಇಂಗ್ಲಿಷ್ ಫೈಲ್ 23.976ರದ್ದು. ತಾಸಿಗೆ ಎರಡೂವರಿ ನಿಮಿಷ ಹಿಂದ ಬೀಳ್ತೈತಿ. ಮೊದಮೊದಲು ಗೊತ್ತ ಆಗಂಗಿಲ್ಲ, ಎಪಿಸೋಡ್ ಕಡೀಕ ಬರೂದ್ರಾಗ ಒಂದೂ ಮುಕ್ಕಾಲು ನಿಮಿಷ ಫರಕ್, ಅದ್ರಾಗಿನ ಗೇ ಹುಡುಗ ಜ್ಯಾಕ್ ಬಿಕ್ಕಿ ಬಿಕ್ಕಿ ಹೇಳಿದ ಮಾತು ಬ್ಯಾರೇ ಯಾರದೋ ಬಾಯಾಗ ಬಂದು ಕುಂತಿತ್ತು. ಒಬ್ಬನ ಕುಂತು ನಕ್ಕೆ. ಫ್ರೇಮ್ ರೇಟ್ ಬದಲಿಸೂ ಮೆನು ಐತಿ, ಒಂದ ಕ್ಲಿಕ್ಕಿನ ಕೆಲಸ, ಅದು ಗೊತ್ತಾಗೂದ್ರಾಗ ಒಂದು ವಾರ ಹೋತು.

ಆ ಎಪಿಸೋಡ್ 1999ರ ಫೆಬ್ರುವರಿದ್ದು. ಜ್ಯಾಕ್ ಮ್ಯಾಕ್‌ಫೀ ಒಂದು ಕವಿತಾ ಬರದಿರ್ತಾನ, ಕ್ಲಾಸಿನ ಮಾಸ್ತರ ಅದನ್ನ ಎಲ್ಲಾರ ಮುಂದ ನಿಂತು ಓದು ಅಂತಾನ, ಹುಡುಗ ಬ್ಯಾಡ ಅಂದರೂ ಬಿಡಂಗಿಲ್ಲ, ಓದಕೋತ ಓದಕೋತ ಅಳೂ ಬರ್ತೈತಿ, ಹೊರಗ ಹೋಗಿಬಿಡ್ತಾನ. ಆಂವ ಹೇಳೂಕಿಂತ ಮೊದಲ ಊರಿಗೆಲ್ಲಾ ಗೊತ್ತಾತು. ನನಗ ಎಂಟನೇತ್ತಾದಾಗ ಒಬ್ಬ ಮಾಸ್ತರು "ಏನಲೇ ಹುಡುಗಿ ಹಂಗ ಓದ್ತೀ, ಗಂಡಸರಂಗ ಓದು" ಅಂತ ಒಂದ ಪದ್ಯ ಮೂರು ಸಲ ಓದಿಸಿದ್ರು, ಕ್ಲಾಸ್ ತುಂಬ ನಗೂ. ಪದ್ಯ ಯಾವ್ದಂತ ಹೇಳಂಗಿಲ್ಲ, ಅದರ ತಪ್ಪೇನೂ ಇಲ್ಲ. ಈ ಸೀನಿಗೆ ನನಗ ಕನ್ನಡ ಹುಡಕಾಕ ತ್ರಾಸ ಆಗಲಿಲ್ಲ, ಮಾಸ್ತರ ಮಾತು ತಾನ ಬಂತು.

ಮುಂದಿನ ವರ್ಷ, 2000ದ ಮೇದಾಗ, ಇದ ಜ್ಯಾಕ್ ಇನ್ನೊಬ್ಬ ಹುಡುಗಗ ಮುತ್ತು ಕೊಡ್ತಾನ. ಗ್ರೆಗ್ ಬರ್ಲಾಂಟಿ ಅಂತ ಆಗ ಆ ಶೋ ನಡಸಾಂವ, ಇದನ್ನ ತೋರಸಲಿಲ್ಲಂದ್ರ ಕೆಲಸ ಬಿಡ್ತೀನಿ ಅಂದಿದ್ನಂತ, ಆಂವನ ಆಮ್ಯಾಲ ಹೇಳ್ಯಾನ. ಇಂಗ್ಲೆಂಡಿನವರು ಮುಂದಿದ್ರು ಬಿಡ್ರಿ, 'ಈಸ್ಟ್‌ಎಂಡರ್ಸ್' ಸೀರಿಯಲ್ಲಿನ್ಯಾಗ ಮೈಕಲ್ ಕ್ಯಾಶ್‌ಮನ್ ಮಾಡಿದ ಕಾಲಿನ್ ಅನ್ನೂ ಗೇ ಪಾತ್ರ 1987ರಾಗ ಹಣಿಗೆ ಮುತ್ತು, 1989ರಾಗ ತುಟಿಗೆ ಮುತ್ತು. ಹಣಿಯಿಂದ ತುಟಿಗೆ ಬರಾಕ ಎರಡು ವರ್ಷ.

ಅದ 1989ರಾಗ ಅಮೇರಿಕಾದಾಗ 'ಥರ್ಟಿಸಮ್‌ಥಿಂಗ್' ಸೀರಿಯಲ್ಲಿನ್ಯಾಗ ಇಬ್ಬರು ಗಂಡಸರು ಹಾಸಿಗ್ಯಾಗ ಕುಂತು ಮಾತಾಡಿದ್ದಕ್ಕ, ಬರೇ ಮಾತಿಗೆ, ಜಾಹೀರಾತಿನವರು ಓಡಿಹೋಗಿ ಚಾನಲ್‌ಗ ಹತ್ತು ಲಕ್ಷ ಡಾಲರ್ ಮ್ಯಾಲ ಲುಕ್ಸಾನ. ಆ ಎಪಿಸೋಡ್ ಬ್ಯಾಸಗ್ಯಾಗ ಮತ್ತೊಮ್ಮೆ ಹಾಕಲೇ ಇಲ್ಲ.

ಜುಲೈ 20

ಇವತ್ತು ಒಂದ ಸೀನು, ಆರ ಸಾಲು, ಆದ್ರ ಇಡೀ ಪ್ರಾಜೆಕ್ಟಿನ್ಯಾಗ ನನಗ ಇದ ಮೆಚ್ಚು.

'ಮೈ ಸೋ-ಕಾಲ್ಡ್ ಲೈಫ್' ಅನ್ನೂ ಅಮೇರಿಕಾದ ಸೀರಿಯಲ್, ಹತ್ತೊಂಬತ್ತ ಎಪಿಸೋಡ್ ಆಗಿ ನಿಂತಹೋತು, ಕಡೀದ್ದು 1995ರ ಜನವರಿ. ಅದ್ರಾಗ ರಿಕಿ ಅನ್ನೂ ಹುಡುಗನ ಪಾರ್ಟ್ ಮಾಡಿದ ವಿಲ್ಸನ್ ಕ್ರೂಜ್ ಖುದ್ದ ಗೇ, ಅದನ್ನ ಮುಚ್ಚಿಟ್ಟಾಂವ ಅಲ್ಲ. ಹತ್ತೊಂಬತ್ತೂ ಎಪಿಸೋಡ್ ರಿಕಿ ಕಣ್ಣಿಗೆ ಕಾಡಿಗಿ ಹಚ್ಚಿಕೊಂಡು ಓಡ್ಯಾಡ್ತಾನ, ನೋಡೂ ನಮಗ ಎಲ್ಲಾ ಗೊತ್ತು, ಆಂವ ಮಾತ್ರ ಅಂದಿರಂಗಿಲ್ಲ. ಕಡೀ ಎಪಿಸೋಡ್‌ದಾಗ ಡೀಲಿಯಾ ಅನ್ನೂ ಹುಡುಗಿ ಸಹಜ ಕೇಳ್ತಾಳ. ನಾ ಹಾಕಿದ್ದು ಹಿಂಗ:

"ನೀ ಗೇ ಅಲ್ಲೇನು?"
"ಅಂದ್ರ... ಹಂಗೇನಿಲ್ಲ... ಹೂಂ. ನಾ ಗೇ. ಹಿಂಗ ನಾ ಅನ್ನಂಗಿಲ್ಲ."
"ಮತ್ತ ಹೆಂಗ ಅಂತೀ?"
"ಅನ್ನಂಗ ಇಲ್ಲ. ಇವತ್ತಿನ ತನಕ ಬಾಯಿಬಿಟ್ಟು ಅಂದ ಇಲ್ಲ."

ಬೆಂಗಳೂರು ಕನ್ನಡದಾಗ ಇದನ್ನ 'ಹೇಳಲ್ಲ' ಅಂತ ಹಾಕಬೇಕಾಗ್ತಿತ್ತು, ಅಷ್ಟಕ್ಕ ಮುಗೀತಿತ್ತು. ನಮ್ಮ 'ಅನ್ನಂಗಿಲ್ಲ'ಕ್ಕ ಎರಡು ಅರ್ಥ. ನಾ ಅನ್ನೂದಿಲ್ಲ ಅಂತನೂ ಹೌದು, ಅನ್ನಾಕ ಪರವಾನಗಿ ಇಲ್ಲ ಅಂತನೂ ಹೌದು, ಇಲ್ಲೆ ಚಪ್ಪಲ್ ಬಿಡಂಗಿಲ್ಲ ಅಂತೀವಲ್ಲ ಹಂಗ. ಇಂಗ್ಲಿಷಿನ್ಯಾಗ ಇಲ್ಲದ್ದು ನಮ್ಮಲ್ಲೆ ಪುಗಸಟ್ಟೆ ಸಿಕ್ಕಿತು. ದೋಸ್ತಗ ರಾತ್ರಿ ಹನ್ನೆರಡಕ್ಕ ಫೋನ್ ಮಾಡಿ ಓದಿ ತೋರಿಸಿದೆ. "ಮಕ್ಕೋ ಲೇ, ಮುಂಜಾನೆ ಕ್ಲಾಸ್ ಐತಿ" ಅಂದ, ಆದ್ರ ಫೋನ್ ಇಡಲಿಲ್ಲ, ಇನ್ನೊಮ್ಮೆ ಓದು ಅಂದ.

(ಹಿಂದೀದೂ ಮಾಡು, ಸ್ಟಾರ್ ಪ್ಲಸ್‌ನ 2010ರ 'ಮರ್ಯಾದಾ'ದಾಗ ಗೇ ಗಂಡಸಿನ ಕಥಿ ಇತ್ತು, ಅದು ನಮ್ಮ ಮನಿಗೆ ಹಂತ್ಯಾಕ ಅಂತನೂ ಅಂದ. ಅದಕ್ಕ ಸಬ್‌ಟೈಟಲ್ ಬೇಕಾಗಂಗಿಲ್ಲ, ಹುಬ್ಬಳ್ಯಾಗ ಹಿಂದಿ ಯಾರಿಗೆ ಬರಂಗಿಲ್ಲ?)

ಆಗಸ್ಟ್ 3

'ಆ್ಯನ್ ಅರ್ಲಿ ಫ್ರಾಸ್ಟ್' ಮುಗೀತು. ಹೆಸರಿಗೆ ಕನ್ನಡ ಸಿಗಲಿಲ್ಲ, ನಮ್ಮ ಕಡೆ ಹಿಮ ಎಲ್ಲೈತಿ, 'ಹೊತ್ತಿಗಿ ಮುಂಚೆ ಬಿದ್ದ ಚಳಿ' ಅಂತ ಬರದೀನಿ. 1985ರ ನವೆಂಬರ್ 11ಕ್ಕ ಎನ್‌ಬಿಸಿ ಚಾನಲ್ಲಿನ್ಯಾಗ ಬಂದ ಅಮೇರಿಕಾದ ಟಿವಿ ಸಿನಿಮಾ, ಹಾಲಿವುಡ್ ನಟ ರಾಕ್ ಹಡ್ಸನ್ ಏಡ್ಸ್‌ನಿಂದ ತೀರಿಕೊಂಡು ತಿಂಗಳೊಪ್ಪತ್ತು ಆಗಿತ್ತು ಅಷ್ಟ. ಮೈಕಲ್ ಅಂತ ಚಿಕಾಗೋದಾಗ ವಕೀಲ, ಪೀಟರ್ ಜೋಡಿ ಇರ್ತಾನ, ಏಡ್ಸ್ ಅಂತ ಗೊತ್ತಾಗ್ತೈತಿ, ಊರಿಗೆ ಬಂದು ಅವ್ವ ಅಪ್ಪಗ ಎರಡೂ ಸುದ್ದಿ ಒಮ್ಮೆಲೆ ಹೇಳ್ಬೇಕು. ಅಪ್ಪ ಮಾತ ಬಿಡ್ತಾನ, ಬಸರಿ ತಂಗಿ ಹಂತ್ಯಾಕ ಬರಂಗಿಲ್ಲ, ಆ್ಯಂಬುಲೆನ್ಸಿನವರು ಹತ್ತಿಸಿಕೊಳ್ಳಂಗಿಲ್ಲ. ಬರದವರು ರಾನ್ ಕೋವನ್ ಮತ್ತ ಡ್ಯಾನಿಯಲ್ ಲಿಪ್ಮನ್, ಚಾನಲ್‌ನವರು ಹತ್ತು ಹನ್ನೆರಡಕ್ಕೂ ಮ್ಯಾಲ ಸಲ ತಿದ್ದಿಸಿದ್ರು, ಮೈಕಲ್ ಪೀಟರ್ ಒಬ್ಬರನ್ನೊಬ್ಬರು ಪ್ರೀತಿಲೆ ಮುಟ್ಟೂದೂ ಕಾಣಬಾರದು ಅಂತ ಅವರಿಗೆ.

ಫೈಲ್ ನಮ್ಮನಿ ಟಿವಿಗೆ ಪೆನ್‌ಡ್ರೈವ್ ಹಾಕಿ ನೋಡಿದ್ರ ಕನ್ನಡದ ಬದ್ಲಿ ಬರೇ ಚೌಕ ಡಬ್ಬಿ. ಟಿವ್ಯಾಗ ಫಾಂಟ್ ಇಲ್ಲ. ಕಡೀಕ ಅಕ್ಷರಾನ ವಿಡಿಯೋದಾಗ ಸುಟ್ಟು (ಅಂದ್ರ ಚಿತ್ರದಾಗನ ಅಚ್ಚ ಒತ್ತಿ) ಹೊಸಾ ಫೈಲ್ ಮಾಡಿದೆ, ಲ್ಯಾಪ್‌ಟಾಪ್ ನಾಕು ತಾಸು ಕುದೀತು.

ಟೆಸ್ಟ್ ಮಾಡಾಕ ಅವ್ವನ್ನ ಕುಂದರಿಸಿದೆ. ಇದು ನಾ ಯೋಚನಿ ಮಾಡಿ ಮಾಡಿದ್ದಲ್ಲ, ಸ್ಪೀಡ್ ಜಾಸ್ತಿ ಆತೇನು ಅಂತ ನೋಡಾಕ ಇಂಗ್ಲಿಷ್ ಬರದವರು ಒಬ್ಬರು ಬೇಕಿತ್ತು, ಮನ್ಯಾಗ ಇರಾಕಿ ಅಕಿ ಒಬ್ಬಾಕಿ. ನಾಕನೇತ್ತಾ ಕಲತಾಕಿ, ಓದಿದ್ರ ಬಾಯಿಬಿಟ್ಟ ಓದೂದು, ಅದೂ ದೊಡ್ಡ ದನಿಲೆ. ಮೈಕಲ್ ಅಪ್ಪನ ಮುಂದ ನಿಂತು ಹೇಳೂ ಮಾತನ್ನ ನಮ್ಮವ್ವ ನಮ್ಮನಿ ಪಡಸಾಲ್ಯಾಗ ಕುಂತು, ಅವರೀಕಾಯಿ ಬಿಡಿಸ್ಕೋತ, ಅಕ್ಷರಾ ಅಕ್ಷರಾ ಕೂಡಿಸಿ ಓದಿದ್ಲು. ಬಾಜೂ ಮನಿ ಕಾಕೂ ಕಿಡಕ್ಯಾಗಿಂದ "ಯಾವ ಸೀರಿಯಲ್ಲ ಅಕ್ಕಾರ" ಅಂತ ಕೇಳಿದ್ರು. "ನನ್ನ ಮಗಾ ಮಾಡ್ಯಾನ" ಅಂದ್ಲು ಅವ್ವ. ನಾ ರಿಮೋಟಿನ ಸೆಲ್ ತಗದು ಹಾಕಿ ತಗದು ಹಾಕಿ ಮಾಡಾಕತ್ತಿದ್ದೆ.

ನಡುವ ಅಜ್ಜೀದು ಒಂದು ಸೀನ್ ಬರ್ತೈತಿ, ಎಲ್ಲಾರೂ ದೂರ ಸರದಾಗ ಆ ಮುದುಕಿ ಒಬ್ಬಾಕಿ ಮೊಮ್ಮಗನ್ನ ಕರದು ಮುತ್ತು ಕೇಳ್ತಾಳ. ನಾ ಹಾಕಿದ್ದು "ನಿನ್ನ ಅಜ್ಜಿಗೆ ಒಂದು ಮುತ್ತು ಕೊಡು" ಅಂತ. ಅವ್ವ ಓದಿ ನಿಂತ್ಲು.

"ಯಾವ ಮುದುಕಿ ಹಿಂಗ ಕೇಳ್ತಾಳಪಾ. 'ಯಾಕ ದೂರ ನಿಂತೀ, ಬಾ ಇಲ್ಲೆ ಆಯಿ ಹಂತ್ಯಾಕ' ಅಂತಾಳ."

ವಿಡಿಯೋ ನಿಲ್ಲಿಸಿ ಅಲ್ಲೇ ಬರಕೊಂಡೆ. ಇನ್ನೂ ಮೂರು ಸಾಲು ತಿದ್ದಿಸಿದ್ಲು, ಮೂರೂ ಬರೋಬ್ಬರಿ ಇದ್ವು. ಸ್ಪೀಡ್ ಎರಡ ಕಡೆ ಜಾಸ್ತಿ ಆಗೇತಿ, ಅಲ್ಲೆ ಅರ್ಧ ಅರ್ಧ ಸೆಕೆಂಡ್ ಎಳದೀನಿ. ಇನ್ನೊಮ್ಮೆ ಸುಡಬೇಕು, ಮತ್ತ ನಾಕು ತಾಸು.

ಮುಗದ ಮ್ಯಾಲ ಅವರೀಕಾಯಿ ಬುಟ್ಟಿ ಎತ್ತಿಕೊಂಡು ಏಳ್ಕೋತ ಕೇಳಿದ್ಲು, "ಅವನ ಜೋಡಿ ಇದ್ನಲ್ಲ ಇನ್ನೊಬ್ಬಾಂವ, ಆ ಪೀಟರ. ಅವಂದೇನಾತು?"

"ಇಂವ ತಿರುಗಿ ಚಿಕಾಗೋಕ್ಕ ಹೋಗ್ತಾನವಾ. ಅವನ ಹಂತ್ಯಾಕ."

"ಹಂಗಾರ ಚಲೋ ಆತು" ಅಂದು ಹಾಲಿಗೆ ಹೆಪ್ಪ ಹಾಕಾಕ ಒಳಗ ಹೋದ್ಲು.