ಸ್ವಾಪ್ ವಿಭಾಗ ಬದಲಾಯಿತು, ಅದರ ಹಳೆಯ ಗುರುತು ಉಳಿದುಕೊಂಡಿತು

ನನ್ನ ಲಿನಕ್ಸ್ ಯಂತ್ರದಲ್ಲಿ ದತ್ತಾಂಶದ ವಿಭಾಗಕ್ಕೆ ಜಾಗ ಸಾಲದೆ, ಅದರ ಪಕ್ಕದಲ್ಲಿದ್ದ ಸ್ವಾಪ್ ವಿಭಾಗವನ್ನು (ರಾಮ್ ಸಾಲದಾದಾಗ ಬಳಕೆಯಾಗುವ ಡಿಸ್ಕಿನ ಜಾಗ) ಅಳಿಸಿ, ಡಿಸ್ಕಿನ ಕೊನೆಯಲ್ಲಿ ಹೊಸದೊಂದನ್ನು ಮಾಡಿಕೊಂಡೆ. ಮರಳಿ ಬೂಟ್ ಮಾಡಿದಾಗ ಕಪ್ಪು ಪರದೆಯ ಮೇಲೆ ಒಂದೇ ಸಾಲು ನಿಂತುಬಿಟ್ಟಿತು. ಅದರ ತುದಿಯಲ್ಲಿ ಸೆಕೆಂಡುಗಳು ಒಂದೊಂದಾಗಿ ಏರುತ್ತಾ ಒಂದೂವರೆ ನಿಮಿಷ ಮುಟ್ಟಿದ ಮೇಲಷ್ಟೇ ಡೆಸ್ಕ್‌ಟಾಪ್ ಬಂತು. ಮೆಮೊರಿಯ ಲೆಕ್ಕ ತೋರಿಸುವ ಫ್ರೀ ಆದೇಶ ಕೊಟ್ಟು ನೋಡಿದರೆ ಸ್ವಾಪ್ ಎಂಬ ಸಾಲಿನಲ್ಲಿ ಬರೀ ಸೊನ್ನೆ.

ಸ್ವಾಪ್ ವಿಭಾಗವನ್ನು ಸಿದ್ಧಪಡಿಸುವ ಎಂಕೆಸ್ವಾಪ್ ಆದೇಶವು ನಾವು ಬೇರೆ ಹೇಳದಿದ್ದರೆ ಪ್ರತಿ ಸಲವೂ ವಿಭಾಗಕ್ಕೆ ಹೊಸ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಕೊಡುತ್ತದೆ. ಬೂಟ್ ಆಗುವಾಗ ಯಾವ ವಿಭಾಗಗಳನ್ನು ಬಳಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಇದ್ದದ್ದು ಅಳಿಸಿಹೋದ ವಿಭಾಗದ ಸಂಖ್ಯೆ. ಇಲ್ಲದ ಆ ಸಾಧನಕ್ಕಾಗಿ, ಬೂಟ್ ನಡೆಸುವ ಸಿಸ್ಟಮ್‌ಡಿ ತನ್ನ ರೂಢಿಯ 90 ಸೆಕೆಂಡು ಕಾದಿತ್ತು. ಬಿಎಲ್‌ಕೆಐಡಿ ಆದೇಶ ತೋರಿಸಿದ ಹೊಸ ಸಂಖ್ಯೆಯನ್ನು ಅಲ್ಲಿ ಬರೆದು, ಸ್ವಾಪ್‌ಆನ್ ಆದೇಶ ಕೊಟ್ಟೊಡನೆ ಸ್ವಾಪ್ ಚಾಲೂ ಆಯಿತು.

ಆದರೂ ಮುಂದಿನ ಬೂಟ್ ಸುಮಾರು ಅರ್ಧ ನಿಮಿಷ ತಡವಾಯಿತು. ಹೆಚ್ಚಿನವರು ಎಡವುವುದು ಇಲ್ಲಿಯೇ ಎಂದು ನನಗನಿಸುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಹೈಬರ್ನೇಟ್ ಆದ (ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಉಳಿಸಿ ಯಂತ್ರ ಆರಿದ) ಸ್ಥಿತಿಯನ್ನು ಮರಳಿ ತರಲು ಬೇಕಾದ ಸ್ವಾಪಿನ ಗುರುತು, ಬೂಟಿನ ಆರಂಭದಲ್ಲಿ ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಕಿರು ಕಡತ ವ್ಯವಸ್ಥೆಯ ಒಳಗೂ ಇರುತ್ತದೆ. ಅದು ಎಫ್‌ಎಸ್‌ಟ್ಯಾಬ್ ತಿದ್ದಿದ ಮಾತ್ರಕ್ಕೆ ಬದಲಾಗುವುದಿಲ್ಲ. ರೆಸ್ಯೂಮ್ ಎಂಬ ಸಣ್ಣ ಕಡತದಲ್ಲಿಯೂ ಹೊಸ ಯುಯುಐಡಿ ಬರೆದು, ಅದನ್ನು ಹೊಸದಾಗಿ ಕಟ್ಟುವ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಆದೇಶ ನಡೆಸಿದ ಮೇಲೆ ಆ ವಿಳಂಬವೂ ತೊಲಗಿತು.

ಸ್ವಾಪ್ ಸಿಗದಿದ್ದರೂ ಯಂತ್ರ ಹೇಗೋ ಏಳುತ್ತದೆ. ದತ್ತಾಂಶದ ವಿಭಾಗ ಸಿಗದಿದ್ದರೆ ಹಾಗಲ್ಲ: ಎಫ್‌ಎಸ್‌ಟ್ಯಾಬಿನ ಆ ಸಾಲಿನಲ್ಲಿ ನೋಫೇಲ್ (ಸಿಗದಿದ್ದರೂ ಬೂಟ್ ಮುಂದುವರಿಯಲಿ ಎಂಬ) ಆಯ್ಕೆ ಇಲ್ಲವಾದರೆ ಬೂಟ್ ಅರ್ಧಕ್ಕೇ ನಿಂತು ಎಮರ್ಜೆನ್ಸಿ ಮೋಡ್‌ಗೆ ಹೋಗಿಬಿಡುತ್ತದೆ, ವ್ಯವಸ್ಥೆಯ ಮುಖ್ಯ ಕಡತಗಳಿರುವ ರೂಟ್ ವಿಭಾಗ ಓದುವುದಕ್ಕೆ ಮಾತ್ರ ಎಂದು ಮೌಂಟ್ ಆಗಿದ್ದರೆ (ಜೋಡಣೆಯಾಗಿದ್ದರೆ) ಅದನ್ನು ಬರೆಯುವಂತೆ ರಿಮೌಂಟ್ ಮಾಡುವವರೆಗೆ ಕಡತವನ್ನು ತಿದ್ದಲೂ ಆಗುವುದಿಲ್ಲ. ಆದ್ದರಿಂದ ಬೂಟ್‌ಗೆ ಅನಿವಾರ್ಯವಲ್ಲದ ಪ್ರತಿ ವಿಭಾಗಕ್ಕೂ ನಾನು ನೋಫೇಲ್ ಬರೆಯುತ್ತೇನೆ; ಎಫ್‌ಎಸ್‌ಟ್ಯಾಬ್ ಮುಟ್ಟಿದ ಮೇಲೆ ಆ ಕಡತವನ್ನು ಪರಿಶೀಲಿಸಲು ಫೈಂಡ್‌ಎಂಎನ್‌ಟಿ ಆದೇಶಕ್ಕೆ ವೆರಿಫೈ ಆಯ್ಕೆ ಕೊಟ್ಟು ನೋಡದೆ ರೀಬೂಟ್ ಮಾಡುವುದಿಲ್ಲ. ತಪ್ಪಾದ ಯುಯುಐಡಿ ಅಲ್ಲಿಯೇ ಸಿಕ್ಕಿಬೀಳುತ್ತದೆ.

ಇನ್ನೂ ಸುಲಭವಾದ ದಾರಿಯೊಂದಿದೆ. ಸ್ವಾಪ್ ಅಳಿಸುವ ಮೊದಲೇ ಅದರ ಯುಯುಐಡಿಯನ್ನು ಬರೆದಿಟ್ಟುಕೊಂಡು, ಹೊಸದನ್ನು ಮಾಡುವಾಗ ಎಂಕೆಸ್ವಾಪ್‌ಗೆ ದೊಡ್ಡಕ್ಷರದ ಯು ಆಯ್ಕೆಯೊಂದಿಗೆ ಅದನ್ನೇ ಕೊಟ್ಟರೆ ಎರಡೂ ಕಡತಗಳು ಇದ್ದಂತೆಯೇ ನಡೆಯುತ್ತವೆ. ಆದರೆ ಎಂಟರ್ ಒತ್ತುವ ಮುನ್ನ ಎಲ್‌ಎಸ್‌ಬಿಎಲ್‌ಕೆ ಆದೇಶ ತೋರಿಸುವ ವಿಭಾಗಗಳ ಗಾತ್ರಗಳನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ವಿಭಾಗದ ಹೆಸರಿನಲ್ಲಿ ಒಂದು ಅಂಕಿ ತಪ್ಪಿದರೂ ಪಕ್ಕದ ವಿಭಾಗದ ಮೇಲೆ ಸ್ವಾಪಿನ ಗುರುತು ಬೀಳಬಹುದು.