ಡೈನೋಸಾರ್ ಹಲ್ಲು ಮೇಜಿಗೆ ಬಂದರೆ ಮೊದಲು ಹುಡುಕಬೇಕಾದ್ದು ಅಂಟು

ಮೈಸೂರಿನ ಸುತ್ತ ಡೈನೋಸಾರ್ ಪಳೆಯುಳಿಕೆ ಸಿಗುವಂಥ ಕಲ್ಲಿನ ಪದರವೇ ಇಲ್ಲ. ಚಾಮುಂಡಿ ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷ ಹಳೆಯದು, ಸುತ್ತಲಿನ ನೈಸ್ ಶಿಲೆ ಅದಕ್ಕಿಂತ ಎಷ್ಟೋ ಹಿಂದಿನದು; ಎರಡೂ ಡೈನೋಸಾರ್‌ಗಳಿಗಿಂತ ಬಹಳ ಮೊದಲಿನವು. ಹಾಗಾಗಿ ಇಲ್ಲಿನ ಶಾಲೆಯ ಬೀರುವಿನಲ್ಲೋ ಸಂಗ್ರಾಹಕರ ಮನೆಯಲ್ಲೋ ಇರುವ ಹಲ್ಲು ಹೊರಗಿನಿಂದ ಬಂದದ್ದೇ. ಮಾರಾಟಕ್ಕೆ ಸಿಗುವವುಗಳಲ್ಲಿ ಮೊರಾಕೊದ ಕೆಮ್ ಕೆಮ್ ಎಂಬ ಶಿಲಾಪದರದವು ಬಹಳ. ಅವುಗಳಲ್ಲಿ ಕೈಚಳಕವೂ ಬಹಳ.

ಪರೀಕ್ಷೆಗೆ ಮುನ್ನ ಒಂದು ವ್ಯತ್ಯಾಸ ಸ್ಪಷ್ಟವಿರಲಿ. ಮುರಿದ ಹಲ್ಲನ್ನು ಅದರದೇ ಚೂರುಗಳಿಂದ ಅಂಟಿಸಿದರೆ ಅದು ದುರಸ್ತಿ, ತಪ್ಪೇನಲ್ಲ. ಇಲ್ಲದ ಭಾಗವನ್ನು ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಅಥವಾ ಮರಳು-ಗೋಂದಿನಿಂದ ಕಟ್ಟಿದರೆ ಅದು ಮರುರಚನೆ. ಒಂದರ ತುದಿಗೆ ಇನ್ನೊಂದರ ಬೇರು ಕೂಡಿಸಿದ್ದರೆ ಅದು ಒಂದು ಹಲ್ಲೇ ಅಲ್ಲ.

ಮೆತ್ತನೆಯ ಬ್ರಷ್‌ನಿಂದ ದೂಳು ತೆಗೆದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, 10 ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ (ಪುಟ್ಟ ಭೂತಗನ್ನಡಿ) ಬುಡದಿಂದ ತುದಿವರೆಗೆ ನಿಧಾನವಾಗಿ ನೋಡಿ. ಕಣ್ಣು ಬಿರುಕುಗಳ ಮೇಲಿರಲಿ. ಉದ್ದಕ್ಕೆ ಹರಿದ ಬಿರುಕು ಅಡ್ಡಗೆರೆಯೊಂದನ್ನು ದಾಟಿ ಅದೇ ಜಾಗದಿಂದ ಮುಂದುವರಿದರೆ ಎರಡೂ ಚೂರು ಒಂದೇ ಹಲ್ಲಿನವು. ಗೆರೆಯ ಬಳಿ ಎಲ್ಲ ಬಿರುಕೂ ಥಟ್ಟನೆ ನಿಂತು, ಎನಾಮೆಲ್‌ನ ಬಣ್ಣ, ಸುಕ್ಕು, ಬಾಗು ಮೂರೂ ಬದಲಾದರೆ ಅನುಮಾನಿಸಲೇಬೇಕು. ಸಣ್ಣ ಗುಂಡು ಗುಳ್ಳೆಗಳು ಕಂಡರೆ ಅದು ರೆಸಿನ್. ಬುಡದ ಸುತ್ತ ಮೆತ್ತಿದ ಮರಳನ್ನೂ ನಂಬಬೇಡಿ, ಜೋಡಣೆ ಮುಚ್ಚುವುದು ಅಲ್ಲೇ. ಉದುರಿದ ಹಲ್ಲಿನಲ್ಲಿ ಬೇರು ಮೊದಲೇ ಕರಗಿಹೋಗಿರುತ್ತದೆ. ಆದ್ದರಿಂದ ಪೂರ್ತಿ ಬೇರಿರುವ ಹಲ್ಲಿಗೆ ಎರಡರಷ್ಟು ಸಮಯ ಕೊಡಿ.

ಕಾರ್ಕರೊಡೊಂಟೋಸಾರಸ್ ಎಂಬ ಮಾಂಸಾಹಾರಿ ಡೈನೋಸಾರ್‌ನ ಹಲ್ಲಾದರೆ ಗರಗಸದಂಚು ನೋಡಿ. ನಿಜವಾದ ಹಲ್ಲುಕಚ್ಚುಗಳ ಮೇಲೆ ಎನಾಮೆಲ್ ಹೊಳಪು ಮುಂದುವರಿಯುತ್ತದೆ; ಅರದಿಂದ ಕೊರೆದವು ಮಂಕಾಗಿರುತ್ತವೆ. ಸ್ಪೈನೋಸಾರಸ್ ಎಂಬ ಇನ್ನೊಂದು ಡೈನೋಸಾರ್‌ನ ಹಲ್ಲಿಗೆ ಇಂಥ ಗರಗಸವೇ ಇರದು.

ಆಮೇಲೆ ಕತ್ತಲ ಕೋಣೆಯಲ್ಲಿ ಯುವಿ (ಅತಿನೇರಳೆ) ಟಾರ್ಚ್. 365 ನ್ಯಾನೊಮೀಟರಿನದೇ ಬೇಕು. ಅಗ್ಗದ 395ರಲ್ಲಿ ನೇರಳೆ ಬೆಳಕೇ ಎಲ್ಲವನ್ನೂ ನುಂಗಿಬಿಡುತ್ತದೆ. ಅನೇಕ ಅಂಟುಗಳು ನೀಲಿ-ಬಿಳಿಯಾಗಿ ಹೊಳೆಯುತ್ತವೆ. ಆದರೆ ಕ್ಯಾಲ್ಸೈಟ್ ಖನಿಜವೂ, ಹತ್ತಿಯ ಎಳೆಯೂ ಹೊಳೆಯಬಹುದು. ಹೊಳೆಯದ ಅಂಟೂ ಇದೆ. ಯುವಿ ಜಾಗ ತೋರಿಸುತ್ತದೆ ಅಷ್ಟೇ, ತೀರ್ಪು ಲೂಪ್‌ನದು.

ಅಸಿಟೋನ್ ಕೊನೆಯಲ್ಲಿ, ಮಾಲೀಕರನ್ನು ಕೇಳಿಯೇ. ಕಿಟಕಿ ತೆರೆದು, ಹತ್ತಿಕಡ್ಡಿಯನ್ನು ಬರೀ ತೇವ ಮಾಡಿ, ಕಾಣದ ಕಡೆ 2-3 ಮಿ.ಮೀ. ಜಾಗದಲ್ಲಿ ಒತ್ತಿ. ಹತ್ತಿಗೆ ಕಂದು ಹತ್ತಿದರೆ ಬಣ್ಣ ಬಳಿದಿರಬಹುದು, ಬಿಡಿಸದೆ ಉಳಿದ ಮಣ್ಣೂ ಇರಬಹುದು. ಹತ್ತಿಯನ್ನೂ ಲೂಪ್‌ನಲ್ಲಿ ನೋಡಿ. ಬರೀ ಹೊಳಪು ಹೋದರೆ ಅದು ಸಂರಕ್ಷಣೆಗೆ ಹಚ್ಚಿದ ಪ್ಯಾರಲಾಯ್ಡ್ ಎಂಬ ಲೇಪ ಇರಬಹುದು, ಮೋಸವೆನ್ನಬೇಡಿ. ಅರಾಲ್ಡೈಟ್‌ನಂಥ ಎಪಾಕ್ಸಿ ಇದಕ್ಕೆ ಕರಗದು. ಹಲ್ಲನ್ನು ಅಸಿಟೋನಿನಲ್ಲಿ ಮುಳುಗಿಸುವುದಂತೂ ಬೇಡವೇ ಬೇಡ: ಪುಡಿಪುಡಿಯಾದ ಡೆಂಟಿನ್ (ಎನಾಮೆಲ್ ಒಳಗಿನ ಭಾಗ) ಆ ಲೇಪದ ಆಸರೆಯಲ್ಲೇ ನಿಂತಿದ್ದರೆ ಕೈಯಲ್ಲೇ ಬಿಡಿಬಿಡಿಯಾಗುತ್ತದೆ. ರೆಸಿನ್ ಪತ್ತೆಗೆಂದು ಕಾಯಿಸಿದ ಸೂಜಿ ಚುಚ್ಚುವ ಅಭ್ಯಾಸವನ್ನೂ ಬಿಡಿ, ಆ ಕಲೆ ಹೋಗುವುದಿಲ್ಲ.

ಚೀಟಿಯಲ್ಲಿ "ಅಸಲಿ", "ನಕಲಿ" ಎಂದಷ್ಟೇ ಬರೆದರೆ ಮುಂದಿನವರಿಗೆ ಉಪಯೋಗವಿಲ್ಲ. ಹೀಗೆ ಬರೆಯಿರಿ: "ಉದ್ದ 74 ಮಿ.ಮೀ. ಬುಡದಿಂದ 28 ಮಿ.ಮೀ.ನಲ್ಲಿ ಒಂದು ಅಂಟು, ಬಿರುಕುಗಳು ಹೊಂದುತ್ತವೆ. ತುದಿಯ 6 ಮಿ.ಮೀ. ರೆಸಿನ್. ಬುಡದ ಮರಳು ಬಿಡಿಸಿಲ್ಲ."